ಗಂಡಸರ ಎದೆ ಉಬ್ಬುವಿಕೆ: ನಾಚಿಕೆಯೂ ಬೇಡ, ನಗೆಯೂ ಬೇಡ



ಕೆಲವು ವಾರಗಳ ಹಿಂದೆ ಜುಮಾ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೆ ಗುಂಡ್ಲುಪೇಟೆ ಕಡೆಯ ಹಿರಿಯರೊಬ್ಬರು ಕಂಬದ ಮರೆಯಲ್ಲಿ ನಿಂತೇ ಇದ್ದರು. ಹತ್ತಿರ ಕರೆದು ಕೂರಿಸಿದೆವು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿದರು: "ಹಜ್ರತ್, ನನ್ನ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಎದೆ ಹೆಣ್ಣುಮಕ್ಕಳ ಹಾಗೆ ಆಗ್ತಾ ಇದೆ. ಈ ಬಿಸಿಲಲ್ಲೂ ಸ್ವೆಟರ್ ಬಿಚ್ಚಲ್ಲ. ಸ್ಕೂಲಲ್ಲಿ ಆಟಕ್ಕೆ ಹೋಗಲ್ಲ. ಯಾರಾದ್ರೂ ಏನಾದ್ರೂ ಮಾಡಿಸಿದ್ದಾರಾ? ಒಂದು ತಾವೀಜು ಕೊಡ್ತೀರಾ?"

ನಾವು ತಾವೀಜು ಕೊಡಲಿಲ್ಲ. ಹುಡುಗನಿಗಾಗಿ ದುಆ ಮಾಡಿ, ವೈದ್ಯರಿಗೆ ತೋರಿಸಿ ಎಂದು ಹೇಳಿ ಕಳಿಸಿದೆವು. ಆದರೆ ಇದರ ಬಗ್ಗೆ ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಆದ್ದರಿಂದ ಪರಿಚಯದ ವೈದ್ಯರೊಬ್ಬರ ಬಳಿ ಹೋಗಿ, ಒಂದು ಗಂಟೆ ಕುಳಿತು ಕೇಳಿ ತಿಳಿದುಕೊಂಡೆವು. ಮುಂದಿನ ಜುಮಾದಲ್ಲಿ ಇನ್ನೊಬ್ಬರ ದೇಹವನ್ನು ಅಣಕಿಸುವುದರ ಬಗ್ಗೆ ಖುತ್ಬಾ ಕೊಟ್ಟೆವು. ಮಿಂಬರಿನ ಮೇಲೆ ಬಿಡಿಸಿ ಹೇಳಲು ಸಂಕೋಚವಾಗುವ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ತಂದೆ ತಾಯಿ ಇಬ್ಬರೂ ಓದಲಿ, ಬೆಳೆಯುವ ಗಂಡುಮಕ್ಕಳಿಗೂ ಓದಲು ಕೊಡಲಿ.

ಇದು ಏನು?

ವೈದ್ಯರು ಇದನ್ನು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಗಂಡಸರ ಎದೆಯಲ್ಲೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಗ್ರಂಥಿ ಇರುತ್ತದೆ. ಅಲ್ಲಾಹನು ಗಂಡಿನ ದೇಹದಲ್ಲೂ ಹೆಣ್ಣಿನ ದೇಹದಲ್ಲೂ ಎರಡು ಬಗೆಯ ಹಾರ್ಮೋನುಗಳನ್ನು ಇಟ್ಟಿದ್ದಾನೆ. ಗಂಡಿನಲ್ಲಿ ಟೆಸ್ಟೋಸ್ಟಿರೋನ್ ಹೆಚ್ಚು, ಈಸ್ಟ್ರೋಜನ್ ಕಡಿಮೆ. ಈ ತಕ್ಕಡಿ ಯಾವುದೋ ಕಾರಣಕ್ಕೆ ಈಸ್ಟ್ರೋಜನ್ ಕಡೆಗೆ ವಾಲಿದರೆ ಆ ಗ್ರಂಥಿ ಬೆಳೆಯುತ್ತದೆ. ಒಂದು ಕಡೆ ಬೆಳೆಯಬಹುದು, ಎರಡೂ ಕಡೆ ಬೆಳೆಯಬಹುದು, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆಯೂ ಆಗಬಹುದು. ಮುಟ್ಟಿದರೆ ತೊಟ್ಟಿನ ಕೆಳಗೆ ರಬ್ಬರಿನ ಬಿಲ್ಲೆಯಂತೆ ಸಿಗುತ್ತದೆ, ಕೆಲವರಿಗೆ ನೋವೂ ಇರುತ್ತದೆ.

ಇದು ಮಾಟವಲ್ಲ, ದೃಷ್ಟಿಯಲ್ಲ, ಯಾವ ಪಾಪದ ಶಿಕ್ಷೆಯೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಎದೆ ಉಬ್ಬಿದ ಮಾತ್ರಕ್ಕೆ ಗಂಡು ಹೆಣ್ಣಾಗುವುದಿಲ್ಲ. ನಮಾಝಿನಲ್ಲಿ, ಇಮಾಮತ್‌ನಲ್ಲಿ, ನಿಕಾಹ್‌ನಲ್ಲಿ, ವಾರಸಿನಲ್ಲಿ ಅವನಿಗೆ ಇರುವುದು ಗಂಡಸಿನ ಹುಕುಮುಗಳೇ. ಹೆಣ್ಣು ಕೊಡುವ ಮನೆಯವರೂ ಇದನ್ನು ತಿಳಿದಿರಬೇಕು.

ಯಾವ ವಯಸ್ಸಿನಲ್ಲಿ ಬರುತ್ತದೆ?

ಮೂರು ವಯಸ್ಸಿನಲ್ಲಿ ಇದು ಹೆಚ್ಚು.

ಮೊದಲನೆಯದು ಹುಟ್ಟಿದ ಕೂಸಿನಲ್ಲಿ. ತಾಯಿಯ ಹಾರ್ಮೋನು ಗರ್ಭದಲ್ಲೇ ಮಗುವಿಗೆ ಹರಿದಿರುವುದರಿಂದ ಅರ್ಧಕ್ಕಿಂತ ಹೆಚ್ಚು ಶಿಶುಗಳ ಎದೆ, ಗಂಡಾಗಲಿ ಹೆಣ್ಣಾಗಲಿ, ಸ್ವಲ್ಪ ಉಬ್ಬಿರುತ್ತದೆ. ಕೆಲವು ಕೂಸುಗಳ ತೊಟ್ಟಿನಿಂದ ಹಾಲಿನಂಥ ಹನಿಯೂ ಬರುತ್ತದೆ. ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಲ್ಲಿ ನಮ್ಮ ಅಜ್ಜಿಯರಿಗೆ, ಬಾಣಂತಿಗೆ ನೀರು ಹಾಕುವವರಿಗೆ ಒಂದು ವಿನಂತಿ: ಕೂಸಿನ ಎದೆಯನ್ನು ಹಿಂಡಬೇಡಿ. ಎಣ್ಣೆ ಹಚ್ಚಿ ಹಾಲು ತೆಗೆದರೆ ಒಳ್ಳೆಯದೆಂದು ಹಿಂಡುವ ರೂಢಿ ಹಲವು ಮನೆಗಳಲ್ಲಿದೆ. ಹಿಂಡಿದರೆ ಸೋಂಕು ತಗುಲಿ ಕೀವು ಕಟ್ಟುತ್ತದೆ. ತಾನಾಗಿ ಹೋಗುವುದನ್ನು ನಾವೇ ಕಾಯಿಲೆ ಮಾಡಿದಂತಾಗುತ್ತದೆ. ಎದೆ ಕೆಂಪಾಗಿ, ಬಿಸಿಯಾಗಿ, ಕೂಸಿಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಹುಡುಗರು ಬಾಲಿಗ್ ಆಗುವ ವಯಸ್ಸಿನಲ್ಲಿ, ಹೆಚ್ಚಾಗಿ 12ರಿಂದ 14ರ ನಡುವೆ. ಈ ವಯಸ್ಸಿನ ಅರ್ಧದಷ್ಟು ಹುಡುಗರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಆಗುತ್ತದೆ ಎಂದು ವೈದ್ಯರು ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಅಂದರೆ ನಮ್ಮ ಮದ್ರಸದ ಒಂದು ಸಾಲಿನಲ್ಲಿ ಎಂಟು ಹುಡುಗರು ಕುಳಿತಿದ್ದರೆ ಮೂರು ನಾಲ್ಕು ಜನರಿಗೆ ಇದು ಬಂದಿರಬಹುದು. ಆದರೆ ಪ್ರತಿಯೊಬ್ಬನೂ ತನಗೊಬ್ಬನಿಗೇ ಎಂದುಕೊಂಡು ಕುಗ್ಗಿ ಕುಳಿತಿರುತ್ತಾನೆ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ಯಾವ ಔಷಧಿಯೂ ಇಲ್ಲದೆ ಇಳಿದುಹೋಗುತ್ತದೆ. ಕೆಲವರಿಗೆ ಮಾತ್ರ ಉಳಿಯುತ್ತದೆ.

ಮೂರನೆಯದು 50 ದಾಟಿದ ಮೇಲೆ. ವಯಸ್ಸಾದಂತೆ ಟೆಸ್ಟೋಸ್ಟಿರೋನ್ ಕಡಿಮೆಯಾಗುತ್ತದೆ, ಮೈಯಲ್ಲಿ ಕೊಬ್ಬು ಹೆಚ್ಚುತ್ತದೆ, ದಿನಕ್ಕೆ ನಾಲ್ಕಾರು ಮಾತ್ರೆ ನುಂಗುವುದೂ ಶುರುವಾಗಿರುತ್ತದೆ. ಈ ವಯಸ್ಸಿನಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಕಾರಣ ಹುಡುಕಲೇಬೇಕು.

ಕೊಬ್ಬೋ, ಗ್ರಂಥಿಯೋ?

ಬೊಜ್ಜು ಬಂದವರ ಎದೆಯಲ್ಲಿ ಬರೀ ಕೊಬ್ಬು ತುಂಬಿಯೂ ಎದೆ ಜೋಲಬಹುದು. ಅದು ನಿಜವಾದ ಗೈನೆಕೊಮಾಸ್ಟಿಯಾ ಅಲ್ಲ. ತೊಟ್ಟಿನ ಕೆಳಗೆ ಬಿಲ್ಲೆಯಂಥದ್ದು ಸಿಗದೆ ಎಲ್ಲ ಕಡೆ ಒಂದೇ ಮೆತ್ತಗಿದ್ದರೆ ಅದು ಬಹುಮಟ್ಟಿಗೆ ಕೊಬ್ಬು. ಅದಕ್ಕೆ ಮದ್ದು ನಡಿಗೆ, ಹೊಲದ ಕೆಲಸ, ಮಿತವಾದ ಊಟ. ಆದರೆ ಎರಡೂ ಸೇರಿರುವುದೂ ಉಂಟು. ಏಕೆಂದರೆ ಮೈಯ ಕೊಬ್ಬೇ ಟೆಸ್ಟೋಸ್ಟಿರೋನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ದಾವತ್ ಎಂದರೆ ಎರಡು ತಟ್ಟೆ ಬಿರಿಯಾನಿ, ಊಟವಾದ ಮೇಲೆ ಬಾಟಲಿ ಪಾನೀಯ ಎಂಬ ಅಭ್ಯಾಸವನ್ನು ನಾವೆಲ್ಲರೂ, ಇಮಾಮರೂ ಸೇರಿ, ಸ್ವಲ್ಪ ತಿದ್ದಿಕೊಳ್ಳಬೇಕು.

ಔಷಧಿ, ಜಿಮ್ ಮತ್ತು ಒಳಗಿನ ಕಾಯಿಲೆಗಳು

ಕೆಲವು ಔಷಧಿಗಳಿಂದ ಇದು ಬರುತ್ತದೆ. ಹೃದಯ ಮತ್ತು ಲಿವರ್ ಕಾಯಿಲೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಪ್ರಾಸ್ಟೇಟ್ ಗ್ರಂಥಿಗೆ ಹಾಗೂ ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟೆರೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನು ಚಿಕಿತ್ಸೆ ಇವು ಮುಖ್ಯವಾದವು. ಟಿಬಿಗೆ ಕೊಡುವ ಐಸೋನಿಯಾಝಿಡ್‌ನಿಂದಲೂ ಅಪರೂಪಕ್ಕೆ ಆಗುತ್ತದೆ.

ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಟಿಬಿ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ತಿರುಗಿ, ಈ ಬಾರಿ ಸಾಮಾನ್ಯ ಔಷಧಿಗೆ ಬಗ್ಗದಂತೆ ಬರಬಹುದು. ಮನೆಯ ಮಕ್ಕಳಿಗೂ ಹರಡಬಹುದು. ಎದೆಯ ಉಬ್ಬು ಪ್ರಾಣ ತೆಗೆಯುವುದಿಲ್ಲ, ಟಿಬಿ ತೆಗೆಯುತ್ತದೆ. ಹೃದಯದ ಮಾತ್ರೆಯ ವಿಷಯವೂ ಹೀಗೆಯೇ. ಬರೆದುಕೊಟ್ಟ ವೈದ್ಯರ ಬಳಿಯೇ ಹೋಗಿ "ಇದರಿಂದ ಹೀಗಾಗಿದೆಯೇ, ಬದಲಿಸಬಹುದೇ?" ಎಂದು ಕೇಳಬೇಕು. ಬದಲಿ ಔಷಧಿ ಇದ್ದರೆ ಅವರೇ ಕೊಡುತ್ತಾರೆ.

ಜಿಮ್‌ಗೆ ಹೋಗುವ ಯುವಕರಿಗೆ ಬೇರೆಯಾಗಿ ಹೇಳಬೇಕು. ವ್ಯಾಯಾಮ ಒಳ್ಳೆಯದು. ಆದರೆ ಬೇಗ ಮೈಕಟ್ಟು ಬರಲೆಂದು ಹಾಕಿಸಿಕೊಳ್ಳುವ ಸ್ಟಿರಾಯ್ಡ್ ಇಂಜೆಕ್ಷನ್‌ನಲ್ಲಿ ಇರುವುದು ಗಂಡಸಿನ ಹಾರ್ಮೋನೇ. ಹೊರಗಿನಿಂದ ಅಷ್ಟೊಂದು ಸುರಿದಾಗ ದೇಹ ಅದರಲ್ಲಿ ಒಂದಷ್ಟನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ, ಸ್ವಂತ ಹಾರ್ಮೋನು ತಯಾರಿಸುವುದನ್ನೂ ನಿಲ್ಲಿಸುತ್ತದೆ. ಎದೆ ಗಟ್ಟಿಯಾಗಲೆಂದು ಹಾಕಿಸಿಕೊಂಡದ್ದೇ ಎದೆಯನ್ನು ಉಬ್ಬಿಸುತ್ತದೆ. ಸಂತಾನಶಕ್ತಿಗೂ ಹೊಡೆತ ಬೀಳುತ್ತದೆ. ಹೆಸರಿಲ್ಲದ ಪುಡಿ, ಡಬ್ಬಿ ಮಾತ್ರೆಗಳಲ್ಲೂ ಇಂಥದ್ದು ಬೆರೆತಿರಬಹುದು.

ಇನ್ನು ಕಾಯಿಲೆಗಳು. ಲಿವರ್ ಕೆಟ್ಟಾಗ, ಅದರಲ್ಲೂ ಕುಡಿತದಿಂದ ಕೆಟ್ಟಾಗ, ಕಿಡ್ನಿ ವಿಫಲವಾದಾಗ, ಥೈರಾಯ್ಡ್ ಹೆಚ್ಚಾದಾಗ ಎದೆ ಉಬ್ಬಬಹುದು. ವೃಷಣದಲ್ಲಿ ಗಡ್ಡೆಯಾದಾಗ ಮೊದಲ ಸುಳಿವು ಎದೆಯಲ್ಲೇ ಕಾಣಿಸುವುದುಂಟು. ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಎಂಬ ಸ್ಥಿತಿಯಲ್ಲೂ ಹೀಗಾಗುತ್ತದೆ. ಎಲ್ಲ ಪರೀಕ್ಷೆ ಮಾಡಿದರೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವ ಕಾರಣವೂ ಸಿಗುವುದಿಲ್ಲ. ಅದು ಹೆದರುವ ವಿಷಯವಲ್ಲ.

ಯಾವಾಗ ತಡ ಮಾಡಬಾರದು?

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಅದು ಅಪರೂಪ. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಗಂಡಸರ ಪಾಲು ನೂರಕ್ಕೆ ಒಂದರಷ್ಟು. ಆದರೆ ಗಂಡಸರು ನಾಚಿಕೆಯಿಂದ ಮುಚ್ಚಿಟ್ಟು ತಡವಾಗಿ ಬರುತ್ತಾರೆ ಎಂಬುದೇ ದುಃಖ. ಈ ಲಕ್ಷಣಗಳಲ್ಲಿ ಒಂದಿದ್ದರೂ ಕೂಡಲೇ ತೋರಿಸಿ:

ಒಂದೇ ಕಡೆ, ತೊಟ್ಟಿನ ಕೆಳಗಲ್ಲದೆ ಪಕ್ಕಕ್ಕೆ, ಕಲ್ಲಿನಂತೆ ಗಟ್ಟಿಯಾದ ಗಂಟು. ತೊಟ್ಟು ಒಳಗೆ ಸೆಳೆದುಕೊಂಡಿರುವುದು. ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು. ಚರ್ಮ ಗುಳಿ ಬಿದ್ದಿರುವುದು ಅಥವಾ ಹುಣ್ಣಾಗಿರುವುದು. ಕಂಕುಳಲ್ಲಿ ಗಂಟು. ವೃಷಣದಲ್ಲಿ ಗಂಟು ಅಥವಾ ಊತ. ಬಾಲಿಗ್ ಆಗುವ ಮುಂಚೆಯೇ ಹುಡುಗನ ಎದೆ ಬೆಳೆಯುವುದು.

ಎಲ್ಲಿಗೆ ಹೋಗುವುದು, ಅಲ್ಲಿ ಏನು ಮಾಡುತ್ತಾರೆ?

ಗುಂಡ್ಲುಪೇಟೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸಿಮ್ಸ್ ಆರಂಭವಾಯಿತು. ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದು ಹಲವರಿಗೆ ನೆನಪಿರಬಹುದು. ಮೊದಲೆಲ್ಲ ಇಂಥದ್ದಕ್ಕೆ 60 ಕಿಲೋಮೀಟರ್ ದೂರದ ಮೈಸೂರಿನ ಕೆ.ಆರ್. ಆಸ್ಪತ್ರೆಗೇ ಹೋಗಬೇಕಿತ್ತು. ಈಗ ಮೊದಲ ತಪಾಸಣೆಯನ್ನು ಇಲ್ಲೇ ಮಾಡಿಸಬಹುದು. ಸರ್ಜರಿ ವಿಭಾಗದ ಹೊರರೋಗಿ ಚೀಟಿ ಮಾಡಿಸಿದರೆ ಸಾಕು. ಚಿಕ್ಕ ಹುಡುಗರಾದರೆ ಮಕ್ಕಳ ವಿಭಾಗ. ಕ್ಯಾನ್ಸರಿನ ಅನುಮಾನವಿದ್ದರೆ ಅವರೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಬರೆದುಕೊಡುತ್ತಾರೆ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟ್‌ಗಳು, ಆಧಾರ್ ಮತ್ತು ಆಯುಷ್ಮಾನ್ ಕಾರ್ಡ್ ಒಯ್ಯಿರಿ. ಕಾರ್ಡಿನಲ್ಲಿ ಯಾವುದಕ್ಕೆ ಸೌಲಭ್ಯವಿದೆ ಎಂಬುದನ್ನು ಆಸ್ಪತ್ರೆಯ ಕೌಂಟರಿನಲ್ಲೇ ಕೇಳಿ.

ವೈದ್ಯರು ಎದೆಯನ್ನು ಕೈಯಿಂದ ಮುಟ್ಟಿ ನೋಡುತ್ತಾರೆ, ವೃಷಣವನ್ನೂ ಪರೀಕ್ಷಿಸಬೇಕಾಗಬಹುದು. ಅಗತ್ಯವಿದ್ದರೆ ರಕ್ತದಲ್ಲಿ ಲಿವರ್, ಕಿಡ್ನಿ, ಥೈರಾಯ್ಡ್ ಮತ್ತು ಹಾರ್ಮೋನುಗಳನ್ನು ನೋಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಹದಿಹರೆಯದ ಆರೋಗ್ಯವಂತ ಹುಡುಗನಿಗೆ ಇಷ್ಟೆಲ್ಲ ಬೇಕಾಗುವುದೇ ಇಲ್ಲ. ನೋಡಿ, ಧೈರ್ಯ ಹೇಳಿ, ಕೆಲವು ತಿಂಗಳ ನಂತರ ಬಾ ಎನ್ನುತ್ತಾರೆ. "ಏನೂ ಔಷಧಿ ಕೊಡಲಿಲ್ಲ" ಎಂದು ಬೇಸರ ಬೇಡ. ಕಾಯುವುದೂ ಚಿಕಿತ್ಸೆಯೇ.

ಚಿಕಿತ್ಸೆ

ಕಾರಣ ಸಿಕ್ಕರೆ ಮೊದಲು ಕಾರಣಕ್ಕೆ ಚಿಕಿತ್ಸೆ. ಹೊಸದಾಗಿ ಬಂದು ನೋವಿದ್ದರೆ ಕೆಲವರಿಗೆ ಟಮೋಕ್ಸಿಫೆನ್‌ನಂಥ ಮಾತ್ರೆಯನ್ನು ವೈದ್ಯರು ಯೋಚಿಸಿ ಕೊಡುತ್ತಾರೆ. ಅದನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವಂತಿಲ್ಲ. ಒಂದು ವರ್ಷ ದಾಟಿದ ಮೇಲೆ ಗ್ರಂಥಿ ನಾರುಗಟ್ಟುತ್ತದೆ, ಆಗ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗೋಡೆಯ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಹಾಕುವ ಎಣ್ಣೆ, ಮುಲಾಮು, ಬೆಲ್ಟುಗಳಿಂದ ಗ್ರಂಥಿ ಕರಗುವುದಿಲ್ಲ.

ಬಹುಕಾಲದಿಂದ ಉಳಿದು, ನೋವನ್ನೋ ಮನಸ್ಸಿಗೆ ತೀವ್ರ ಸಂಕಟವನ್ನೋ ಕೊಡುತ್ತಿದ್ದರೆ ಶಸ್ತ್ರಚಿಕಿತ್ಸೆ ಇದೆ. ತೊಟ್ಟಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣಗೆ ಕೊಯ್ದು ಗ್ರಂಥಿಯನ್ನು ತೆಗೆಯುತ್ತಾರೆ, ಕೊಬ್ಬಿದ್ದರೆ ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಆಮೇಲೆ ಕೆಲವು ವಾರ ಬಿಗಿಯಾದ ಅಂಗಿ ತೊಡಬೇಕು, ಭಾರ ಎತ್ತಬಾರದು. ರಕ್ತ ಕಟ್ಟಿಕೊಳ್ಳುವುದು, ತೊಟ್ಟಿನ ಸ್ಪರ್ಶ ಕಡಿಮೆಯಾಗುವುದು, ಎರಡು ಕಡೆ ಸಮವಾಗದಿರುವುದು ಇಂಥ ತೊಂದರೆಗಳೂ ಇವೆ. ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಬೆಳೆಯುವ ಹುಡುಗರಿಗೆ ಸಾಮಾನ್ಯವಾಗಿ ಆತುರಪಡುವುದಿಲ್ಲ. ತಾನಾಗಿ ಇಳಿಯಲು ಸಮಯ ಕೊಟ್ಟು ನೋಡುತ್ತಾರೆ.

ಶರೀಅತ್ತಿನಲ್ಲಿ ಅನುಮತಿ ಇದೆಯೇ?

"ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗುವುದಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಅಂದಕ್ಕಾಗಿ ಸೃಷ್ಟಿಯನ್ನು ಬದಲಿಸುವುದು ಬೇರೆ, ಕೆಟ್ಟದ್ದನ್ನು ಸರಿಪಡಿಸುವುದು ಬೇರೆ. ಚಿಕಿತ್ಸೆ ಪಡೆಯಬೇಕೇ ಎಂದು ಹಳ್ಳಿಗಾಡಿನ ಅರಬರು ಕೇಳಿದಾಗ ಪ್ರವಾದಿ(ಸ) ಪಡೆಯಿರಿ ಎಂದೇ ಹೇಳಿದರು. ಅರ್ಫಜಾ(ರ) ಎಂಬ ಸಹಾಬಿಯ ಮೂಗು ಇಸ್ಲಾಮಿಗೆ ಮುಂಚಿನ ಒಂದು ಯುದ್ಧದಲ್ಲಿ ಕತ್ತರಿಸಿಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ವಾಸನೆ ಬಂತು. ಆಗ ಪ್ರವಾದಿ(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸಿಗೆ ಚಿನ್ನ ಸಲ್ಲದು ಎಂಬ ನಿಯಮವಿದ್ದೂ ಆ ಅನುಮತಿ ದೊರೆಯಿತು. ಒಬ್ಬ ಮನುಷ್ಯ ಜನರ ನಡುವೆ ಸಂಕೋಚವಿಲ್ಲದೆ ಬದುಕುವುದಕ್ಕೆ ದೀನಿನಲ್ಲಿ ಎಷ್ಟು ಬೆಲೆ ಇದೆ ಎಂಬುದನ್ನು ಇದರಿಂದ ತಿಳಿಯಬಹುದು.

ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಮಹಾನ್ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಇದೇ ತೊಂದರೆಗೆ ಒಂದು ಅಧ್ಯಾಯ ಬರೆದಿದ್ದಾರೆ. ಅರ್ಧಚಂದ್ರಾಕಾರದಲ್ಲಿ ಕೊಯ್ದು ತೆಗೆಯುವ ವಿಧಾನವನ್ನು ಅದರಲ್ಲಿ ವಿವರಿಸಿದ್ದಾರೆ. ನಮ್ಮ ಪೂರ್ವಿಕರು ಇದನ್ನು ನಗೆಪಾಟಲಾಗಿ ನೋಡಲಿಲ್ಲ, ಚಿಕಿತ್ಸೆ ಬೇಕಾದ ಕಾಯಿಲೆಯಾಗಿ ನೋಡಿದರು. ನಮ್ಮ ಕಾಲದಲ್ಲೂ, 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು ಅಂಗವನ್ನು ಸಹಜ ರೂಪಕ್ಕೆ ತರುವ, ದೇಹದ ಅಥವಾ ಮನಸ್ಸಿನ ತೊಂದರೆಯನ್ನು ನೀಗಿಸುವ ಶಸ್ತ್ರಚಿಕಿತ್ಸೆಗೆ ಅನುಮತಿ ಇದೆ ಎಂದು ನಿರ್ಣಯಿಸಿದರು.

ಕೆಲವು ಸಣ್ಣ ಮಸಲಾಗಳು. ಗಂಡಸಿನ ಎದೆ ಸತ್ರ್ ಅಲ್ಲ, ವೈದ್ಯರಿಗೆ ತೋರಿಸಲು ಅಡ್ಡಿಯಿಲ್ಲ. ಗುಪ್ತಾಂಗದ ತಪಾಸಣೆ ಅಗತ್ಯವಿದ್ದಷ್ಟು ಮಟ್ಟಿಗೆ ಜಾಯಿಝ್. ಆಪರೇಷನ್ ಆದ ಮೇಲೆ ವುಝೂವಿಗೆ ಎದೆ ತೊಳೆಯಬೇಕಿಲ್ಲ. ಕಡ್ಡಾಯ ಸ್ನಾನ ಬಂದರೆ ಕಟ್ಟಿನ ಮೇಲೆ ಒದ್ದೆ ಕೈ ಸವರಿದರೆ ಸಾಕು. ಸುಜೂದ್ ಮಾಡಲು ನೋವಾದರೆ ಕೈಲಾದಷ್ಟು ಬಾಗಿ ನಮಾಝ್ ಮಾಡಬಹುದು.

ಇನ್ನೊಂದು ಮಾತು. ಎಹ್ರಾಮಿನಲ್ಲಿ ಎದೆ ಕಾಣುತ್ತದೆಂದು ಉಮ್ರಾವನ್ನೇ ಮುಂದೂಡುತ್ತ ಬಂದವರೊಬ್ಬರನ್ನು ನಾವು ಬಲ್ಲೆವು. ಮೇಲಿನ ಬಟ್ಟೆಯಿಂದ ಎರಡೂ ಭುಜ, ಎದೆ ಮುಚ್ಚಿಕೊಳ್ಳಬಹುದು. ತವಾಫಿನಲ್ಲಿ ಬಲ ಭುಜ ತೆರೆಯುವುದು ಸುನ್ನತ್, ಬಿಟ್ಟರೂ ತವಾಫ್ ಆಗುತ್ತದೆ. ಈ ಕಾರಣಕ್ಕೆ ಯಾರೂ ಅಲ್ಲಾಹನ ಮನೆಯಿಂದ ದೂರ ಉಳಿಯಬಾರದು.

ನಮ್ಮದೇ ಒಂದು ತಪ್ಪು

ಸೂರಃ ಹುಜುರಾತ್‌ನಲ್ಲಿ ಒಬ್ಬರನ್ನೊಬ್ಬರು ಅಣಕಿಸುವುದನ್ನೂ ಅಡ್ಡಹೆಸರು ಇಟ್ಟು ಕರೆಯುವುದನ್ನೂ ಅಲ್ಲಾಹನು ನಿಷೇಧಿಸಿದ್ದಾನೆ. ಇದನ್ನು ಎಷ್ಟೋ ಬಾರಿ ಓದಿದ್ದೇವೆ, ಕಲಿಸಿದ್ದೇವೆ. ಆದರೂ ನಮ್ಮಿಂದಲೇ ತಪ್ಪಾಗಿದೆ.

ಬಹಳ ವರ್ಷಗಳ ಹಿಂದೆ ನಾವು ಹೊಸದಾಗಿ ಕಲಿಸಲು ಸೇರಿದ್ದಾಗ ಹಿಫ್ಝ್ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಐದು ಜುಝ್ ಮುಗಿಸಿದ್ದ, ಧ್ವನಿ ಚೆನ್ನಾಗಿತ್ತು. ಅವನ ಎದೆ ನೋಡಿ ಜೊತೆಯ ಹುಡುಗರು ಒಂದು ಹೆಣ್ಣಿನ ಹೆಸರಿಟ್ಟು ಕರೆಯುತ್ತಿದ್ದರು. ಒಮ್ಮೆ ನಮ್ಮ ಎದುರಿಗೇ ಕರೆದರು. ನಾವು ಗದರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ನಗು ಬಂತು, ಅದನ್ನು ಅವನು ನೋಡಿದ. ಮುಂದಿನ ವಾರದಿಂದ ಅವನು ಬರಲಿಲ್ಲ. ಮನೆಯವರು ಬೈದರು, ಹೊಡೆದರು, ಆದರೂ ಬರಲಿಲ್ಲ. ಕಾರಣವನ್ನು ಯಾರಿಗೂ ಹೇಳಲಿಲ್ಲ.

ಈಗ ಅವನಿಗೆ ಮಕ್ಕಳಿದ್ದಾರೆ. ಒಂದು ಮದುವೆಯಲ್ಲಿ ಸಿಕ್ಕಾಗ ಅವನೇ ಹೇಳಿದ: "ಹಜ್ರತ್, ಅಮ್ಮಿಯ ದುಪಟ್ಟಾ ಹರಿದು ಎದೆಗೆ ಬಿಗಿದು ಕಟ್ಟಿಕೊಂಡು ಬರ್ತಿದ್ದೆ. ಉಸಿರು ಕಟ್ಟಿ ಪಾಠ ಒಪ್ಪಿಸೋಕೆ ಆಗ್ತಿರಲಿಲ್ಲ. ಎರಡು ವರ್ಷಕ್ಕೆ ಎಲ್ಲ ತಾನಾಗೇ ಹೋಯ್ತು." ನಾವು ಅವನಲ್ಲಿ ಕ್ಷಮೆ ಕೇಳಿದೆವು. ಅವನು ಕ್ಷಮಿಸಿದ. ಆದರೆ ಉಳಿದ ಇಪ್ಪತ್ತೈದು ಜುಝ್ ಅವನಿಗೆ ಸಿಗಲಿಲ್ಲ.

ಆದ್ದರಿಂದ ತಂದೆಯರಲ್ಲಿ ವಿನಂತಿ: ಮಗ ಅಂಗಿ ಬಿಚ್ಚಲು ಹಿಂಜರಿದರೆ, ಬೆನ್ನು ಬಾಗಿಸಿ ನಡೆದರೆ, ಈಜು ಆಟ ಬಿಟ್ಟರೆ ಗದರಬೇಡಿ. ಒಬ್ಬನೇ ಇದ್ದಾಗ ಕೂರಿಸಿಕೊಂಡು ಕೇಳಿ. "ನನಗೂ ಆ ವಯಸ್ಸಿನಲ್ಲಿ ಆಗಿತ್ತು" ಎಂದು ಹೇಳಬಲ್ಲ ತಂದೆಯರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಆ ಒಂದು ಮಾತು ಸಾಕು. ತಾಯಂದಿರೇ, ನೆಂಟರ ಮುಂದೆ ಈ ವಿಷಯ ಎತ್ತಬೇಡಿ. ಉಸ್ತಾದರೇ, ಅಡ್ಡಹೆಸರು ಕಿವಿಗೆ ಬಿದ್ದ ದಿನವೇ ನಿಲ್ಲಿಸಿ. ಹುಡುಗ ತೀರಾ ಮಂಕಾಗಿದ್ದರೆ, ಬದುಕೇ ಬೇಡ ಎನ್ನುವಂಥ ಮಾತಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಗುಂಡ್ಲುಪೇಟೆಯ ಆ ಹಿರಿಯರು ಮೊಮ್ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವಯಸ್ಸಿನ ಕಾರಣದ್ದೇ, ಆರು ತಿಂಗಳು ಬಿಟ್ಟು ಬನ್ನಿ ಎಂದರಂತೆ. ಎದೆ ಇನ್ನೂ ಹಾಗೆಯೇ ಇದೆ. ಆದರೆ ಕಳೆದ ಜುಮಾಕ್ಕೆ ಹುಡುಗ ಸ್ವೆಟರ್ ಇಲ್ಲದೆ ಬಂದಿದ್ದ. ದಾದಾನ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ ನಿಂತಿದ್ದ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ, ಅವರ ಸಂಕಟ ತಿಳಿದು ನಡೆಯುವ ಬುದ್ಧಿಯನ್ನು ನಮಗೂ ಕರುಣಿಸಲಿ. ನಮ್ಮ ನಗೆಯಿಂದ ನೊಂದವರ ಕ್ಷಮೆ ಕೇಳುವ ಅವಕಾಶವನ್ನು ಈ ಲೋಕದಲ್ಲೇ ಕೊಡಲಿ. ಆಮೀನ್.